‘ಚೋಕ್ ಅಪ್’ ಅಂದರೆ ಅಳುವುದಾ, ಗಂಟಲು ಕಟ್ಟುವುದಾ? ‘ಗದ್ಗದಿತರಾದರು’ ಎಂಬುದಕ್ಕೆ ಇಂಗ್ಲಿಷ್ ಬೇಕು (ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಮಾಟುಂಗಾ ಕರಡು

ಸ್ಮರಣ ಸಂಚಿಕೆಯ ಇಂಗ್ಲಿಷ್ ಪುಟಗಳು ಪ್ರೂಫಿನಲ್ಲಿವೆ. ಮೂಲ ಕನ್ನಡ ವಾಕ್ಯ ಹೀಗಿದೆ: ‘ರಾತ್ರಿ ಶಾಲೆಯ ಮೇಷ್ಟ್ರ ಬೀಳ್ಕೊಡುಗೆಯಲ್ಲಿ ಅಧ್ಯಕ್ಷರು ಮಾತನಾಡುತ್ತ ಎರಡು ಸಲ ಗದ್ಗದಿತರಾದರು, ಸಾವರಿಸಿಕೊಂಡು ಭಾಷಣ ಮುಗಿಸಿದರು.’ ಇದಕ್ಕೆ ಒಬ್ಬರು ‘ಬ್ರೋಕ್ ಡೌನ್ ಟ್ವೈಸ್’ ಎಂದು ಬರೆದಿದ್ದಾರೆ, ಇನ್ನೊಬ್ಬರು ಅದನ್ನು ಹೊಡೆದು ‘ಚೋಕ್ಡ್ ಟ್ವೈಸ್’ ಮಾಡಿದ್ದಾರೆ, ಮೂರನೆಯವರು ಪೆನ್ಸಿಲಿನಲ್ಲಿ ‘ಅಪ್’ ಸೇರಿಸಿದ್ದಾರೆ. ಯಾವುದು ಸರಿ ಎಂಬುದರ ಜೊತೆಗೆ ಯಾಕೆ ಸರಿ ಎಂಬುದೂ ಬೇಕು, ಸಮಿತಿಯ ಮುಂದೆ ಹೇಳಬೇಕಲ್ಲ. ಇನ್ನೊಂದು ಅನುಮಾನ: ಮುಂಬಯಿಯಲ್ಲಿ ಚೋಕಪ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಚ್ಚಲ ಮೋರಿ. ಅಧ್ಯಕ್ಷರಿಗೆ ಆ ಪದ ಹಾಕಿದರೆ ನಗೆಪಾಟಲಾಗುವುದಿಲ್ಲವೇ?

ಕಲೀನಾ ನಿಘಂಟು

ಪೆನ್ಸಿಲ್ ಹಿಡಿದವರು ಸರಿ. ‘ಹಿ ಚೋಕ್ಡ್ ಅಪ್ ಟ್ವೈಸ್’.

ಈ ಕ್ರಿಯಾಪದದ ಜಾಗ ಗಂಟಲು. ಭಾವನೆ ಒತ್ತಿಬಂದು ಮಾತು ಹೊರಡದೆ ನಿಲ್ಲುತ್ತದೆ, ಅಷ್ಟೆ. ಕಣ್ಣಲ್ಲಿ ನೀರು ಬಂದಿರಬಹುದು, ಬಾರದೆಯೂ ಇರಬಹುದು. ಆ ಬಗ್ಗೆ ಈ ಪದ ಏನನ್ನೂ ಹೇಳುವುದಿಲ್ಲ. ‘ಟಿಯರ್ ಅಪ್’, ‘ವೆಲ್ ಅಪ್’ ಇವೆರಡರ ಜಾಗ ಕಣ್ಣು. ‘ಬ್ರೇಕ್ ಡೌನ್’ ಅಂದರೆ ಇಡೀ ಮನುಷ್ಯ ಸೋತು ಗಳಗಳನೆ ಅತ್ತ ಎಂದು. ನಿಮ್ಮ ವಾಕ್ಯದಲ್ಲಿ ‘ಸಾವರಿಸಿಕೊಂಡು ಭಾಷಣ ಮುಗಿಸಿದರು’ ಎಂದಿದೆ, ಆದ್ದರಿಂದ ‘ಬ್ರೋಕ್ ಡೌನ್’ ಭಾರವಾಯಿತು. ಬ್ರೇಕ್ ಡೌನ್ ಆದವರ ಕೈಯಿಂದ ಸಾಮಾನ್ಯವಾಗಿ ಯಾರಾದರೂ ಮೈಕು ತೆಗೆದುಕೊಳ್ಳುತ್ತಾರೆ. ಒಂದೇ ಭಾಷಣದಲ್ಲಿ ಎರಡು ಸಲ ಬ್ರೇಕ್ ಡೌನ್ ಆದರು ಎಂದು ಓದಿದವರು ಮೇಷ್ಟ್ರಿಗೇನೋ ಆಗಿದೆ ಎಂದೇ ತಿಳಿದಾರು.

ಬರೀ ‘ಚೋಕ್ಡ್ ಟ್ವೈಸ್’ ಎಂದರೆ ಇನ್ನೂ ಫಜೀತಿ. ‘ಅಪ್’ ಇಲ್ಲದ ಚೋಕ್‌ಗೆ ಮೊದಲ ಅರ್ಥ ಉಸಿರಾಟದ ದಾರಿಗೆ ಏನೋ ಸಿಕ್ಕಿಕೊಳ್ಳುವುದು. ಬೀಳ್ಕೊಡುಗೆಯಲ್ಲಿ ಲಾಡು ಇದ್ದೇ ಇರುತ್ತದೆ. ಅಧ್ಯಕ್ಷರು ಎರಡು ಸಲ ಲಾಡು ಗಂಟಲಿಗೆ ಸಿಕ್ಕಿಸಿಕೊಂಡರು ಎಂದಾಯಿತು. ಮಾತಿನಲ್ಲಂತೂ ಈ ವ್ಯತ್ಯಾಸ ಮರೆಯಲೇಬಾರದು. ‘ಹಿ ಈಸ್ ಚೋಕಿಂಗ್’ ಎಂದು ಕೂಗಿದರೆ ಇಂಗ್ಲಿಷ್ ಬಲ್ಲವರು ಓಡಿಬಂದು ಬೆನ್ನಿಗೆ ಗುದ್ದುತ್ತಾರೆ. ‘ಹಿ ಈಸ್ ಚೋಕಿಂಗ್ ಅಪ್’ ಎಂದರೆ ಒಂದು ಲೋಟ ನೀರು ಕೊಟ್ಟು ಸುಮ್ಮನಿರುತ್ತಾರೆ.

ಇಲ್ಲಿ ‘ಅಪ್’ ಎಂಬುದು ದಿಕ್ಕಲ್ಲ. ‘ಫಿಲ್ ಅಪ್’, ‘ಬ್ಲಾಕ್ ಅಪ್’, ‘ಡ್ರೈ ಅಪ್’ ಇವುಗಳಲ್ಲಿ ಇರುವಂತೆ ‘ಪೂರ್ತಿಯಾಗಿ’ ಎಂಬ ಅರ್ಥ. ತುಂಬಿಹೋಯಿತು, ಕಟ್ಟಿಹೋಯಿತು, ಬತ್ತಿಹೋಯಿತು ಎನ್ನುವಲ್ಲಿ ನಮ್ಮ ‘ಹೋಗು’ ಮಾಡುವ ಕೆಲಸವನ್ನೇ ಅಲ್ಲಿ ‘ಅಪ್’ ಮಾಡುತ್ತದೆ.

ಯಂತ್ರಾನುವಾದ ನೆಚ್ಚಬೇಡಿ. ‘ಚೋಕ್ಡ್ ಅಪ್’ ಕೊಟ್ಟರೆ ಕನ್ನಡದಲ್ಲಿ ‘ಉಸಿರುಗಟ್ಟಿದರು’ ಎಂದು ಬರುವುದುಂಟು. ಅದು ಶ್ರದ್ಧಾಂಜಲಿ ಪುಟಕ್ಕೆ ಹೋಗಬೇಕಾದ ಮಾತು.

ಚೆಂಬೂರ್ ಸೊಸೈಟಿ

ಮೋರಿಗೂ ಅದೇ ಪದ, ನಾಚಿಕೊಳ್ಳುವಂಥದ್ದು ಏನಿಲ್ಲ ಮಾರಾಯ್ರೆ. ಅಸಲಿಗೆ ಮೋರಿಯನ್ನು ನೋಡಿದರೇ ಅರ್ಥ ಚೆನ್ನಾಗಿ ತಲೆಗೆ ಹೋಗ್ತದೆ.

ಬಚ್ಚಲ ನಹಾಣಿ ಟ್ರ್ಯಾಪಿನಲ್ಲಿ, ಅಂದರೆ ನೆಲದ ಜಾಲರಿಯ ಕೆಳಗೆ ನೀರು ಹೋಗುವ ಬಾಯಿಯಲ್ಲಿ, ಏನಾಗ್ತದೆ? ಕೂದಲು ಮೊದಲು ಜಾಲಿಗೆ ಸುತ್ತಿಕೊಳ್ತದೆ, ಅದರ ಮೇಲೆ ಸೋಪಿನ ಜಿಡ್ಡು ಕೂರ್ತದೆ, ತೆಂಗಿನ ನಾರಿನಲ್ಲಿ ಪಾತ್ರೆ ಉಜ್ಜುವ ಮನೆಯಾದರೆ ನಾರೂ ಸೇರ್ತದೆ. ಪೈಪ್ ಒಡೆದಿಲ್ಲ, ನೀರು ನಿಂತಿಲ್ಲ, ಒಳಗಿನಿಂದ ಬರ್ತಾನೇ ಇದೆ; ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಹಾಗಾಗಿ ಮೇಲೆ ಏರ್ತದೆ. ಅರ್ಧ ಬಕೆಟ್ ಸುರಿದು ನೋಡಿ. ನಿಧಾನಕ್ಕೆ ಇಳಿದರೆ ನಿಮ್ಮ ಟ್ರ್ಯಾಪಿನದ್ದೇ ತೊಂದರೆ, ಜಾಲಿ ತೆಗೆದು ಕಸ ಎತ್ತಿದರೆ ಸಾಕು. ನಿಮ್ಮಲ್ಲಿ ಸುರಿದದ್ದು ಕೆಳಗಿನ ಮನೆಯ ಬಚ್ಚಲಲ್ಲಿ ಮೇಲೆದ್ದರೆ ಚೋಕಪ್ ಇರುವುದು ಕೆಳಗಿನ ಪೈಪಿನಲ್ಲಿ ಅಥವಾ ಚೇಂಬರಿನಲ್ಲಿ. ಅಲ್ಲಿಗೆ ರಾಡ್ ಹಾಕಿಸಬೇಕು, ನಿಮ್ಮ ಟ್ರ್ಯಾಪ್ ಎಷ್ಟು ಕೆರೆದರೂ ಉಪಯೋಗ ಇಲ್ಲ.

ಅಧ್ಯಕ್ಷರಿಗೆ ಆದದ್ದು ಇದೇ. ಒಳಗಿನಿಂದ ಬರ್ತಾ ಇದೆ, ದಾರಿ ಕಟ್ಟಿದೆ. ಎರಡು ನಿಮಿಷ ಕಳೆದರೆ ಹರಿಯಿತು. ಪೈಪೇ ಒಡೆದರೆ ಅದು ಬ್ರೇಕ್ ಡೌನ್.

ಒಂದೇ ವ್ಯತ್ಯಾಸ. ನಮ್ಮಲ್ಲಿ ‘ಚೋಕಪ್’ ಒಂದು ವಸ್ತುವಿನ ಹೆಸರಾಗಿಬಿಟ್ಟಿದೆ: ‘ಚೋಕಪ್ ಹೋ ಗಯಾ’ (ಚೋಕಪ್ ಆಯ್ತು), ‘ಚೋಕಪ್ ನಿಕಾಲೋ’ (ಚೋಕಪ್ ತೆಗೆಯಿರಿ). ಹೇಳುವಾಗ ಒತ್ತು ‘ಚೋ’ ಮೇಲೆ.

ಕಲೀನಾ ನಿಘಂಟು

ಆ ಒತ್ತಿನ ಮಾತು ಮುಖ್ಯ. ಭಾವನೆಯ ಕ್ರಿಯಾಪದದಲ್ಲಿ ಒತ್ತು ‘ಅಪ್’ ಮೇಲೆ ಬೀಳಬೇಕು, ‘ಚೋಕ್ಡ್ ಅಪ್’. ಇಂಗ್ಲಿಷಿನ ಇಂಥ ಜೋಡಿಗಳಲ್ಲಿ ಕ್ರಿಯಾಪದಕ್ಕೆ ಒತ್ತು ಬಾಲದಲ್ಲಿ, ಅದೇ ಜೋಡಿ ನಾಮಪದವಾದರೆ ಒತ್ತು ತಲೆಯಲ್ಲಿ. ‘ಷಿ ಬ್ರೋಕ್ ಡೌನ್’, ಆದರೆ ‘ಅ ಬ್ರೇಕ್ಡೌನ್’. ಮುಂಬಯಿ ಹಿಂದಿಯ ಚೋಕಪ್ ತನ್ನಷ್ಟಕ್ಕೆ ನಾಮಪದದ ಒತ್ತನ್ನೇ ಹಿಡಿದಿದೆ, ನೋಡಿ. ಊರಿನ ಹೊರಗಿನವರಿಗೆ ಪತ್ರ ಬರೆಯುವಾಗ ಮೋರಿಗೆ ‘ಬ್ಲಾಕ್ಡ್’ ಅಥವಾ ‘ಕ್ಲಾಗ್ಡ್’ ಎಂದು ಬರೆಯಿರಿ, ಚೋಕಪ್ ಎಂಬ ನಾಮಪದ ಅವರಿಗೆ ತಿಳಿಯದು.

ಕೋಥ್ರೂಡ್ ಧಾರವಾಡ

ಅಲ್ಲರೀ, ಪುಣೇದಾಗ ಇನ್ನೊಂದು ತೊಡಕ ಐತಿ, ಅದು ಮರಾಠೀದು. ಇಲ್ಲಿ ಬೆಳದ ಹುಡುಗೂರು ಇಂಗ್ಲಿಷಿಂದ ಕನ್ನಡಕ್ಕ ಬರೋದು ಮರಾಠಿ ಮ್ಯಾಲ ಹಾದು. ‘ಚೋಕ್ಡ್ ಅಪ್’ ಅನ್ನೂದಕ್ಕ ಮರಾಠಿಯೊಳಗ ‘ಗಳಾ ದಾಟೂನ್ ಆಲಾ’ ಅಂತಾರ. ಛಲೋ ಮಾತು, ಅಚ್ಚುಕಟ್ಟ ಹೊಂದತೈತಿ. ಆದ್ರ ‘ದಾಟ್’ ಅಂದ್ರ ಅವರ ಭಾಷಾದಾಗ ದಟ್ಟ, ಒತ್ತೊತ್ತಾಗಿರೂದು. ನಮ್ಮ ಹುಡುಗೂರು ಅದನ್ನ ‘ದಾಟು’ ಅಂತ ತಿಳಕೊಂಡು ‘ಗಂಟಲು ದಾಟಿ ಬಂತು’ ಅಂತ ಬರದ್ರ ಅರ್ಥನ ತಿರುಗಾಮುರುಗಾ. ದಾಟಿ ಹೊರಗ ಬಂದಿದ್ರ ಗದ್ಗದ ಯಾಕ ಆಕ್ಕಿತ್ತು?

‘ಊರ್ ಭರೂನ್ ಆಲಾ’ ಅನ್ನೂದೂ ಹಂಗ. ಮರಾಠಿ ‘ಊರ್’ ಅಂದ್ರ ಎದಿ. ‘ಎದಿ ತುಂಬಿ ಬಂತು’ ಅನ್ನಬೇಕು. ‘ಊರ ತುಂಬಿ ಬಂತು’ ಅಂದ್ರ ಜಾತ್ರಿ ಆತು. ಮತ್ತ ಎದಿ ತುಂಬೂದು ಚೋಕ್ ಅಪ್ ಅಲ್ಲ, ಅಲ್ಲಿ ಹೆಮ್ಮಿ, ಖುಷಿ ಹೆಚ್ಚು. ಇಂಗ್ಲಿಷಿನ್ಯಾಗ ‘ಸ್ವೆಲ್ ವಿತ್ ಪ್ರೈಡ್’ ಅಂತಾರಲ್ಲ, ಅದರ ಕಡೆ ಹೋಗತೈತಿ. ‘ಗಹಿವರೂನ್ ಆಲ’ ಅನ್ನೂದು ಇನ್ನೂ ಅಗಲ. ಮನಸ್ಸು ಕರಗಿ ತುಂಬಿ ಬಂತು ಅಂತ. ಗಂಟಲಿನ ಹೆಸರ ಅದರಾಗ ಇಲ್ಲ.

ನಮ್ಮ ಕಡೆ ಮಾತು ಬೇಕಂದ್ರ ‘ಕೊರಳ ಸೆರಿ ಬಿಗದು ಬಂತು’ ಅನ್ರಿ. ‘ದುಃಖ ಒತ್ತರಿಸಿ ಬಂತು’ ಅನ್ನೂದು ಗಂಟಲಿನ ತನಕ ಬಂದದ್ದನ್ನ ಹೇಳತೈತಿ, ಕಟ್ಟಿದ್ದನ್ನ ಹೇಳೂದಿಲ್ಲ.

ಮಡಗಾಂವ್ ಸಬ್‌ಟೈಟಲ್

ಕಣ್ಣಿನ ಕಡೆಯ ಎರಡು ಪದಗಳಿಗೆ ಬರುತ್ತೇನೆ.

‘ಟಿಯರ್ ಅಪ್’ ಬರೆದಾಗ ಒಂದು ಬಲೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಕಣ್ಣೀರಿನ ‘ಟಿಯರ್’, ಕಾಗದ ಹರಿಯುವ ‘ಟೇರ್’ ಎರಡಕ್ಕೂ ಒಂದೇ ಕಾಗುಣಿತ. ಓದುವಾಗ ಸಂದರ್ಭ ನೋಡಿ ಉಚ್ಚರಿಸಬೇಕು. ಭೂತಕಾಲದಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ: ಕಣ್ಣು ತುಂಬಿದರೆ ‘ಟಿಯರ್ಡ್ ಅಪ್’, ಕಾಗದ ಹರಿದರೆ ‘ಟೋರ್ ಅಪ್’. ‘ಷಿ ಟೋರ್ ಅಪ್ ವೆನ್ ಷಿ ರೆಡ್ ದ ಲೆಟರ್’ ಎಂದು ಬರೆದರೆ ಪತ್ರದ ಗತಿ ಮುಗಿಯಿತು. ಕನ್ನಡ ಲಿಪಿಯಲ್ಲಿ ಬರೆದಾಗ ಈ ಗೊಂದಲ ತಾನಾಗಿ ಹೋಗುವುದು ನಮ್ಮ ಪುಣ್ಯ. ಇದು ಹೆಚ್ಚಾಗಿ ಅಮೆರಿಕದ ಬಳಕೆ. ಬ್ರಿಟನ್ನಿನವರು ಅದೇ ಜಾಗದಲ್ಲಿ ‘ಷಿ ವೆಲ್ಡ್ ಅಪ್’ ಎನ್ನುವುದು ಹೆಚ್ಚು.

‘ವೆಲ್ ಅಪ್’ ನಮಗೆ ಬಹಳ ಹತ್ತಿರದ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಕ್ಕೆ ಕುದಿ, ಉಕ್ಕು, ಬುಗ್ಗೆಯೇಳು ಎಂಬ ಅರ್ಥಗಳಿದ್ದವು. ನಮ್ಮ ‘ಉಕ್ಕು’ ಒಲೆಯ ಮೇಲಿನ ಹಾಲಿಗೂ ಆಗುತ್ತದೆ, ಕಣ್ಣೀರಿಗೂ ಆಗುತ್ತದೆ, ಕೋಪಕ್ಕೂ ಆಗುತ್ತದೆ. ವೆಲ್ ಅಪ್ ಕೂಡ ಹಾಗೆಯೇ. ‘ಟಿಯರ್ಸ್ ವೆಲ್ಡ್ ಅಪ್ ಇನ್ ಹರ್ ಐಸ್’ ಎನ್ನಬಹುದು, ‘ಹರ್ ಐಸ್ ವೆಲ್ಡ್ ಅಪ್’ ಎನ್ನಬಹುದು, ‘ಆಂಗರ್ ವೆಲ್ಡ್ ಅಪ್ ಇನ್‌ಸೈಡ್ ಹಿಮ್’ ಎಂದೂ ಎನ್ನಬಹುದು. ಆದರೆ ವೆಲ್ ಅಪ್ ಆದ ನೀರು ಇನ್ನೂ ಕಣ್ಣೊಳಗೇ ಇದೆ, ಕೆನ್ನೆಗೆ ಇಳಿದಿಲ್ಲ. ‘ಕಣ್ಣಾಲಿಗಳು ತುಂಬಿ ಬಂದವು’, ‘ಕಣ್ಣಲ್ಲಿ ನೀರಾಡಿತು’ ಎರಡೂ ಸರಿಹೋಗುತ್ತವೆ. ‘ಕಣ್ಣೀರಿಟ್ಟರು’ ಸರಿಹೋಗದು, ಅಷ್ಟರಲ್ಲಿ ನೀರು ಇಳಿದಾಗಿದೆ.

ಕಿವಿ ಕೇಳದವರಿಗಾಗಿ ಹಾಕುವ ಶೀರ್ಷಿಕೆಗಳಲ್ಲಿ ಚೋಕ್ ಅಪ್ ಬೇಡ ಎನ್ನುವುದು ನನ್ನ ಸಲಹೆ. ಸಾಲಿಗೆ 42 ಅಕ್ಷರ, ಹೆಚ್ಚೆಂದರೆ ಎರಡು ಸಾಲು, ಅದರೊಳಗೆ ಚೌಕ ಆವರಣದ ಸೂಚನೆ. ನೋಡುವವರಿಗೆ ಓದಲು ಸಿಗುವುದು ಒಂದೆರಡು ಸೆಕೆಂಡು. ಕಣ್ಣು ‘ಚೋಕ್’ ಎಂಬಲ್ಲೇ ನಿಂತರೆ ಪಾತ್ರಕ್ಕೆ ಉಸಿರುಗಟ್ಟಿತು ಎಂದು ಗಾಬರಿ. ಅಲ್ಲಿ ‘ವಾಯ್ಸ್ ಬ್ರೇಕಿಂಗ್’ ಎಂದು ಹಾಕುವುದೇ ರೂಢಿ. ಬಿಕ್ಕುತ್ತಿದ್ದರೆ ‘ಸಾಬಿಂಗ್’, ಮೂಗು ಸುರ್ ಎಂದರೆ ‘ಸ್ನಿಫಲ್ಸ್’.

ವಾಶಿ ಟ್ಯೂಷನ್

‘ವಾಯ್ಸ್ ಬ್ರೇಕಿಂಗ್’ ಸರಿ, ಆದರೆ ಅದನ್ನು ಭೂತಕಾಲಕ್ಕೆ ಒಯ್ದು ಹುಡುಗರ ಬಗ್ಗೆ ಬರೆಯುವಾಗ ಜೋಪಾನ. ‘ಹಿಸ್ ವಾಯ್ಸ್ ಬ್ರೋಕ್ ವೆನ್ ಹಿ ವಾಸ್ ಥರ್ಟೀನ್’ ಎಂದರೆ ದುಃಖವಲ್ಲ, ಹದಿಹರೆಯ. ನಾವೂ ‘ಹುಡುಗನಿಗೆ ಗಂಟಲು ಒಡೆದಿದೆ’ ಎನ್ನುತ್ತೇವಲ್ಲ, ಹಾಗೆ.

ಮಾಟುಂಗಾ ಕರಡು

ಎಲ್ಲರಿಗೂ ಧನ್ಯವಾದ. ಸಮಿತಿಯಿಂದ ಎರಡು ತಕರಾರು ಬಂದಿವೆ. ಒಂದು, ‘ಹಿಸ್ ಥ್ರೋಟ್ ಚೋಕ್ಡ್ ಅಪ್’ ಎಂದು ಬರೆದರೆ ಇನ್ನೂ ಸ್ಪಷ್ಟವಲ್ಲವೇ? ಎರಡು, ‘ಭಾವುಕರಾದರು’ ಎಂದು ಮೂಲವನ್ನೇ ಸರಳ ಮಾಡಿ ‘ಬಿಕೇಮ್ ಇಮೋಷನಲ್’ ಎಂದು ಹಾಕಿದರೆ ಈ ರಗಳೆಯೇ ಇರುವುದಿಲ್ಲವಲ್ಲ?

ಕಲೀನಾ ನಿಘಂಟು

ಮೊದಲನೆಯದು ಕನ್ನಡದ ಜಾಯಮಾನ ಇಂಗ್ಲಿಷಿಗೆ ನುಸುಳಿದ್ದು. ನಮ್ಮಲ್ಲಿ ಭಾವನೆಗೆ ಹಲವು ಸಲ ಮನುಷ್ಯ ಕರ್ತೃವಲ್ಲ. ‘ಅವರಿಗೆ ಗಂಟಲುಬ್ಬಿ ಬಂತು’, ‘ನನಗೆ ದುಃಖ ಉಮ್ಮಳಿಸಿತು’. ಬರುವುದು ದುಃಖ, ಉಬ್ಬುವುದು ಗಂಟಲು, ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ‘ಇಗೆ’ ಹಚ್ಚಿಕೊಂಡು ಬದಿಗೆ ನಿಂತಿರುತ್ತಾನೆ. ಮರಾಠಿಯ ‘ಮಲಾ ಗಹಿವರೂನ್ ಆಲ’ ಕೂಡ ಇದೇ ಕಟ್ಟು. ಇಂಗ್ಲಿಷ್ ಮನುಷ್ಯನನ್ನೇ ಕರ್ತೃ ಮಾಡುತ್ತದೆ: ‘ಹಿ ಚೋಕ್ಡ್ ಅಪ್’. ಗಂಟಲು ಕ್ರಿಯಾಪದದ ಹೊಟ್ಟೆಯೊಳಗೇ ಇದೆ, ಬೇರೆ ಹೆಸರಿಸಬೇಕಿಲ್ಲ. ಗಂಟಲನ್ನೇ ಹೇಳಬೇಕೆಂದಿದ್ದರೆ ‘ಹಿಸ್ ಥ್ರೋಟ್ ಟೈಟನ್ಡ್’, ಸ್ವರವನ್ನು ಹೇಳಬೇಕಿದ್ದರೆ ‘ಇನ್ ಅ ವಾಯ್ಸ್ ಚೋಕ್ಡ್ ವಿತ್ ಎಮೋಷನ್’. ಕಡೆಯದು ನಮ್ಮ ‘ಗದ್ಗದ ಕಂಠದಿಂದ’ ಎಂಬುದಕ್ಕೆ ಸರಿಯಾದ ಜೋಡಿ. ಗಮನಿಸಿ, ಅಲ್ಲಿ ‘ಅಪ್’ ಬೇಕಿಲ್ಲ, ‘ವಿತ್’ ಬಂದು ಕಾರಣ ಹೇಳಿದೆ.

ಬಳಕೆಯ ರೂಪ ಮೂರು. ತಾನಾಗಿ ಆದದ್ದು: ‘ಷಿ ಚೋಕ್ಡ್ ಅಪ್’. ಸ್ಥಿತಿ: ‘ಷಿ ಗಾಟ್ ಚೋಕ್ಡ್ ಅಪ್’, ‘ಷಿ ವಾಸ್ ಆಲ್ ಚೋಕ್ಡ್ ಅಪ್’. ಆಗಿಸಿದ್ದು: ‘ಇಟ್ ಚೋಕ್ಸ್ ಮಿ ಅಪ್’. ಮೂರನೆಯದರಲ್ಲಿ ಸರ್ವನಾಮ ನಡುವೆಯೇ ಕೂರಬೇಕು. ಕಾರಣಕ್ಕೆ ‘ಅಬೌಟ್’, ನೆನಪಿಗೆ ‘ಅಟ್ ದ ಥಾಟ್ ಆಫ್’, ಭಾವದ ಹೆಸರಿಗೆ ‘ವಿತ್’. ಅಳತೆಗೆ ‘ಅ ಲಿಟಲ್’, ಕಂಡದ್ದಕ್ಕೆ ‘ವಿಸಿಬ್ಲಿ’.

ಎರಡನೆಯ ತಕರಾರಿಗೆ ಪತ್ರಿಕೆಯವರೇ ಉತ್ತರಿಸಲಿ.

ಫೋರ್ಟ್ ಡೆಸ್ಕ್

‘ಭಾವುಕರಾದರು’ ಡೆಸ್ಕಿನ ಆಪದ್ಬಾಂಧವ, ಒಪ್ಪಿಕೊಳ್ಳುತ್ತೇನೆ. ಆರು ಅಕ್ಷರ, ಒಂದು ಕಾಲಮ್ಮಿನ ತಲೆಬರಹಕ್ಕೆ ಹಿಡಿಸುತ್ತದೆ. ವರದಿಗಾರ ಹಿಂದಿನ ಸಾಲಿನಲ್ಲಿ ಕೂತಿದ್ದರೆ ವೇದಿಕೆಯಲ್ಲಿದ್ದವರ ಕಣ್ಣು ತುಂಬಿತೋ, ಗಂಟಲು ಬಿಗಿಯಿತೋ, ಮೈಕೇ ಕೆಟ್ಟಿತೋ ಗೊತ್ತಾಗದು. ಈ ಪದ ಎಲ್ಲಕ್ಕೂ ಆಗುತ್ತದೆ. ಅದೇ ಅದರ ದೋಷ. ಇಂಗ್ಲಿಷಿಗೆ ‘ಬಿಕೇಮ್ ಇಮೋಷನಲ್’ ಎಂದು ಹೋದರೆ ಇನ್ನೊಂದು ತೊಡಕು: ಅಲ್ಲಿ ‘ಇಮೋಷನಲ್’ ಆದವನು ಸಿಟ್ಟಿನಿಂದ ಕೂಗಾಡಿರಲೂಬಹುದು. ಎರಡು ಸಲ ನಿಂತು ಮತ್ತೆ ಶುರು ಮಾಡಿದರು ಎಂಬ ವಿವರ ಕೈಯಲ್ಲಿರುವಾಗ ಅದನ್ನು ಯಾಕೆ ಒರೆಸುತ್ತೀರಿ?

ನಡಾವಳಿ ಪುಸ್ತಕಕ್ಕೆ, ಠರಾವಿಗೆ ಚೋಕ್ಡ್ ಅಪ್ ಸ್ವಲ್ಪ ಸಲುಗೆಯದಾಯಿತು. ಅಲ್ಲಿ ‘ವಾಸ್ ವಿಸಿಬ್ಲಿ ಮೂವ್ಡ್’ ಅಥವಾ ‘ವಾಸ್ ಓವರ್‌ಕಮ್ ವಿತ್ ಎಮೋಷನ್’. ಸ್ಮರಣ ಸಂಚಿಕೆಗೆ ಚೋಕ್ಡ್ ಅಪ್ ಧಾರಾಳವಾಗಿ ನಡೆಯುತ್ತದೆ.

ಅಂಧೇರಿ ಸ್ಕೋರರ್

ಕ್ರೀಡಾಪುಟದಲ್ಲಿ ‘ಅಪ್’ ಬಿಟ್ಟರೆ ಮೂರನೆಯದೇ ಅರ್ಥ. ‘ದ ಕ್ಯಾಪ್ಟನ್ ಚೋಕ್ಡ್ ಇನ್ ದ ಫೈನಲ್’ ಎಂದರೆ ಒತ್ತಡಕ್ಕೆ ಕೈ ನಡುಗಿ ಗೆಲ್ಲುವ ಆಟ ಸೋತ. ದಕ್ಷಿಣ ಆಫ್ರಿಕಾ ತಂಡಕ್ಕೆ ‘ಚೋಕರ್ಸ್’ ಎಂಬ ಹಣೆಪಟ್ಟಿ ಗಟ್ಟಿಯಾಗಿ ಅಂಟಿದ್ದು 1999ರ ಜೂನ್ 17ರ ಎಜ್‌ಬಾಸ್ಟನ್ ವಿಶ್ವಕಪ್ ಸೆಮಿಫೈನಲ್ಲಿನಿಂದ. ಆಸ್ಟ್ರೇಲಿಯಾ 213, ದಕ್ಷಿಣ ಆಫ್ರಿಕಾ 213, ಕೊನೆಯ ವಿಕೆಟ್ ರನ್ ಔಟ್, ಪಂದ್ಯ ಟೈ, ಫೈನಲ್ಲಿಗೆ ಹೋದದ್ದು ಆಸ್ಟ್ರೇಲಿಯಾ. 2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಅದೇ ಆಸ್ಟ್ರೇಲಿಯಾವನ್ನು ಸೋಲಿಸಿ ಟೆಸ್ಟ್ ಚಾಂಪಿಯನ್‌ಷಿಪ್ ಗೆದ್ದರು. ಗೆದ್ದ ಮೇಲೆ ಮಾತು ಹೊರಡದೆ ನಿಂತ ಆಟಗಾರನಿಗೆ ‘ಚೋಕ್ಡ್ ಅಪ್’ ಎಂದು ಬರೆಯಬಹುದು. ‘ಅಪ್’ ಬಿದ್ದುಹೋದರೆ ಗೆದ್ದವನನ್ನೇ ಸೋಲಿಸಿದಂತೆ.

ಬೇಸ್‌ಬಾಲ್ ವರದಿಯಲ್ಲಿ ‘ಚೋಕ್ಡ್ ಅಪ್ ಆನ್ ದ ಬ್ಯಾಟ್’ ಕಂಡರೆ ಕರವಸ್ತ್ರ ಹುಡುಕಬೇಡಿ. ಬ್ಯಾಟಿನ ಹಿಡಿಯನ್ನು ತುದಿ ಬಿಟ್ಟು ಸ್ವಲ್ಪ ಮೇಲಕ್ಕೆ ಹಿಡಿದ ಎಂದಷ್ಟೆ.

ಠಾಣೆ ಯಕ್ಷಗಾನ

ಇಷ್ಟೆಲ್ಲ ಗಂಟಲು, ಕಣ್ಣು, ಮೈ ಎಂದು ವಿಂಗಡಿಸುತ್ತಿದ್ದೀರಿ, ಭರತನ ನಾಟ್ಯಶಾಸ್ತ್ರ ಈ ಕೆಲಸವನ್ನು ಎಂದೋ ಮಾಡಿಟ್ಟಿದೆ. ಎಂಟು ಸಾತ್ವಿಕ ಭಾವಗಳು: ಸ್ತಂಭ (ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಮುಖದ ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ. ಸ್ವರಭೇದವೇ ನಿಮ್ಮ ಚೋಕ್ ಅಪ್. ಅಶ್ರು ಬೇರೆ ಮನೆಯಲ್ಲಿದೆ. ಪ್ರಲಯ ಅಂದರೆ ಎಚ್ಚರ ತಪ್ಪುವುದು, ಬ್ರೇಕ್ ಡೌನ್‌ಗಿಂತಲೂ ಒಂದು ಮೆಟ್ಟಿಲು ಆಚೆ.

ಅರ್ಥಧಾರಿಗೆ, ಅಂದರೆ ಯಕ್ಷಗಾನದಲ್ಲಿ ಪಾತ್ರದ ಮಾತು ಆಡುವವರಿಗೆ, ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ರಂಗದಲ್ಲಿ ಎಲ್ಲ ದುಃಖವೂ ಬೊಬ್ಬೆಯಾಗುತ್ತದೆ. ಸ್ವರಭೇದ ಮಾಡುವ ಕ್ರಮ ಇಷ್ಟು: ವಾಕ್ಯದ ಕೊನೆಯಲ್ಲಿ ನಿಲ್ಲಬಾರದು, ಪದದ ನಡುವೆ ನಿಲ್ಲಬೇಕು. ‘ಮಗನೇ, ನಿನ್ನನ್ನು ಕಾಡಿಗೆ ಕಳು—’ ಅಲ್ಲಿ ನಿಂತು ಉಗುಳು ನುಂಗಿ, ಆ ಪದವನ್ನೇ ಮೊದಲಿಂದ, ಮೊದಲಿಗಿಂತ ತಗ್ಗಿನ ಶ್ರುತಿಯಲ್ಲಿ ಹಿಡಿಯಬೇಕು. ವಾಕ್ಯ ಮುಗಿದ ಮೇಲೆ ನಿಂತರೆ ಸಭೆಗೆ ಅದು ಬರೀ ವಿರಾಮವಾಗಿ ಕೇಳುತ್ತದೆ. ಕಣ್ಣಿಗೆ ಕೈ ಹೋಯಿತೋ, ಅದು ಅಶ್ರುವಾಯಿತು.

ಇಂಗ್ಲಿಷಿನವರೂ ‘ಚೋಕ್ಡ್ ಅಪ್ ಮಿಡ್-ಸೆಂಟೆನ್ಸ್’ ಎಂದೇ ಬರೆಯುತ್ತಾರೆ, ನೋಡಿ.

ಕಲೀನಾ ನಿಘಂಟು

ಒಂದು ತಿದ್ದುಪಡಿ ಸೇರಿಸಲೇ? ‘ಗದ್ಗದ’ ಮತ್ತು ‘ಚೋಕ್ ಅಪ್’ ಪೂರಾ ಒಂದೇ ಅಲ್ಲ. ಗದ್ಗದ ಎಂಬುದು ತಡವರಿಸುವ ಮಾತಿನ ಸದ್ದನ್ನೇ ಅನುಕರಿಸಿದ ಸಂಸ್ಕೃತ ಪದ, ಅದಕ್ಕೆ ಯಾವ ಕಾರಣವೂ ಆದೀತು. ಭಗವದ್ಗೀತೆಯ 11ನೆಯ ಅಧ್ಯಾಯದ 35ನೆಯ ಶ್ಲೋಕದಲ್ಲಿ ಅರ್ಜುನ ಗದ್ಗದನಾಗಿ ಮಾತನಾಡುವುದು ವಿಶ್ವರೂಪ ಕಂಡ ಭಯದಿಂದ. ಅಲ್ಲಿ ‘ಚೋಕ್ಡ್ ಅಪ್’ ಎಂದು ಅನುವಾದಿಸಿದರೆ ಅರ್ಜುನ ಬೀಳ್ಕೊಡುಗೆ ಸಮಾರಂಭದಲ್ಲಿ ಇದ್ದಂತೆ ಕೇಳುತ್ತದೆ. ಭಯಕ್ಕೆ ‘ಇನ್ ಅ ಫಾಲ್ಟರಿಂಗ್ ವಾಯ್ಸ್’ ಸರಿ. ಚೋಕ್ ಅಪ್‌ಗೆ ದುಃಖ, ಕೃತಜ್ಞತೆ, ಅಭಿಮಾನ, ಮಮತೆ ಇಂಥ ಕರಗಿಸುವ ಭಾವಗಳೇ ಸಾಮಾನ್ಯ. ಕೋಪವಾದರೆ ‘ಅಪ್’ ತೆಗೆದು ‘ಚೋಕ್ಡ್ ವಿತ್ ರೇಜ್’.

ಠಾಣೆ ಯಕ್ಷಗಾನ

ಒಪ್ಪಿದೆ. ಅರ್ಜುನನಿಗೆ ಅಲ್ಲಿ ವೇಪಥುವೂ ಇದೆ, ನಡುಗುತ್ತಿದ್ದಾನೆ.

ವಾಶಿ ಟ್ಯೂಷನ್

ಉತ್ತರ ಪತ್ರಿಕೆಗಳಲ್ಲಿ ಬೀಳುವ ತಪ್ಪುಗಳು ಹೆಚ್ಚೂಕಡಿಮೆ ಇವೇ, ಬೇಕಾದವರು ಬರೆದಿಟ್ಟುಕೊಳ್ಳಿ.

‘ದ ಸಾಂಗ್ ಚೋಕ್ಡ್ ಅಪ್ ಮಿ’ ತಪ್ಪು. ‘ಚೋಕ್ಡ್ ಮಿ ಅಪ್’. ಸರ್ವನಾಮದ ಬದಲು ನಾಮಪದ ಬಂದರೆ ಎರಡು ಕಡೆಯೂ ಆಗುತ್ತದೆ: ‘ಚೋಕ್ಡ್ ಅಪ್ ದ ಹೋಲ್ ಹಾಲ್’, ‘ಚೋಕ್ಡ್ ದ ಹೋಲ್ ಹಾಲ್ ಅಪ್’.

‘ಐ ಗಾಟ್ ಚೋಕ್ ಅಪ್’ ತಪ್ಪು. ‘ಗಾಟ್ ಚೋಕ್ಡ್ ಅಪ್’. ಮಾತಿನಲ್ಲಿ ಆ ಕಡೆಯ ವ್ಯಂಜನ ‘ಅಪ್’ ಜೊತೆ ಕೂಡಿಕೊಂಡು ‘ಚೋಕ್ಟಪ್’ ಎಂದು ಕೇಳುವುದರಿಂದ ಮಕ್ಕಳ ಕಿವಿಗೆ ಬೀಳುವುದಿಲ್ಲ.

‘ಷಿ ಚೋಕ್ಡ್ ಅಪ್ ಹರ್ ಟಿಯರ್ಸ್’ ಹೆಚ್ಚು ಕಾಣುವ ತಪ್ಪು. ಕಣ್ಣೀರು ಕರ್ಮವಾದರೆ ‘ಚೋಕ್ ಬ್ಯಾಕ್’ ಬೇಕು: ‘ಷಿ ಚೋಕ್ಡ್ ಬ್ಯಾಕ್ ಹರ್ ಟಿಯರ್ಸ್’. ಅರ್ಥವೂ ತಿರುಗುತ್ತದೆ. ಚೋಕ್ ಅಪ್ ತಾನಾಗಿ ಆಗುವುದು, ಚೋಕ್ ಬ್ಯಾಕ್ ಬಲವಂತವಾಗಿ ಹತ್ತಿಕ್ಕುವುದು. ‘ಅಳು ನುಂಗಿಕೊಂಡಳು’ ಎಂಬುದೇ ಅದಕ್ಕೆ ಕನ್ನಡ.

‘ಹಿ ಹ್ಯಾಡ್ ಅ ಬ್ರೇಕ್‌ಡೌನ್ ಅಟ್ ದ ಸೆಂಡ್-ಆಫ್’ ಅಪಾಯದ ವಾಕ್ಯ. ಕ್ರಿಯಾಪದ ‘ಬ್ರೋಕ್ ಡೌನ್’ ಅಂದರೆ ಅತ್ತರು. ಅದನ್ನೇ ನಾಮಪದ ಮಾಡಿದರೆ ಮನೋವೈದ್ಯರ ಹತ್ತಿರ ಹೋಗುವ ಸ್ಥಿತಿ ಎಂದು ಅರ್ಥ, ಇಲ್ಲವೇ ಗಾಡಿ ಕೆಟ್ಟು ನಿಂತಿತು ಎಂದು.

ಇನ್ನು ಕನ್ನಡದ ಕಡೆಯ ಗೊಂದಲ. ‘ಗಂಟಲು ಕಟ್ಟಿದೆ’ ಎಂದರೆ ನೆಗಡಿಗೂ ಆಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಗಂಟಲಲ್ಲಿ ಕಪ್ಪೆ ಕೂತಿದೆ ಎನ್ನುತ್ತಾರೆ. ‘ಗಂಟಲುಬ್ಬಿ ಬಂತು’ ಎಂದರೆ ಭಾವನೆ ಮಾತ್ರ, ಹಾಗಾಗಿ ಅನುವಾದಕ್ಕೆ ಅದು ಸುರಕ್ಷಿತ. ‘ಗಂಟಲಲ್ಲಿ ಬಿಸಿತುಪ್ಪ’ವನ್ನು ಇಲ್ಲಿಗೆ ಎಳೆಯಬೇಡಿ, ಅದು ನುಂ‌ಗಲೂ ಉಗುಳಲೂ ಆಗದ ಇಕ್ಕಟ್ಟು. ‘ಲಂಪ್ ಇನ್ ದ ಥ್ರೋಟ್’ ಅಂದರೂ ಗಂಟಲುಬ್ಬಿ ಬರುವುದೇ, ಆದರೆ ಅದನ್ನು ನೋಡಿದ ತಕ್ಷಣ ಕೆಲವರು ಬಿಸಿತುಪ್ಪ ಹಾಕಿಬಿಡುತ್ತಾರೆ.

ಚೆಂಬೂರ್ ಸೊಸೈಟಿ

ತುಳುವಿನಲ್ಲಿ ‘ಕಣ್ಣ್‌ಡ್ ನೀರ್ ಜಿಂಜುನಿ’ ಉಂಟಲ್ಲ, ಅದು ವೆಲ್ ಅಪ್ಪಿಗೆ ಹೋಯ್ತು ಹಾಗಾದ್ರೆ. ಜಿಂಜುನಿ ಅಂದರೆ ತುಂಬುವುದು.

ಒಂದು ಸಂಶಯ. ಆಫೀಸಿನ ಗ್ರೂಪಿನಲ್ಲಿ ಬೋನಸ್ ಸುದ್ದಿಗೆ ಯಾರೋ ‘ಐ ಆಮ್ ಆಲ್ ಚೋಕ್ಡ್ ಅಪ್’ ಅಂತ ಹಾಕಿದರೆ ನಿಜವಾಗಿ ಗದ್ಗದವಾ?

ಮಡಗಾಂವ್ ಸಬ್‌ಟೈಟಲ್

ಬೋನಸ್ ಎಷ್ಟು ಎಂಬುದರ ಮೇಲೆ ಹೋಗುತ್ತದೆ. ‘ಆಲ್’ ಸೇರಿದ ಈ ರೂಪ ವ್ಯಂಗ್ಯಕ್ಕೂ ಬಳಕೆಯಾಗುತ್ತದೆ, ‘ಅಬ್ಬಾ, ಆನಂದಬಾಷ್ಪ!’ ಎನ್ನುವಂತೆ. ಬ್ರಿಟನ್ನಿನ ಸಹೋದ್ಯೋಗಿ ಬರೀ ‘ಐ ವಾಸ್ ಚೋಕ್ಡ್’ ಎಂದು ಬರೆದರೆ ಅದು ಮತ್ತೂ ಬೇರೆ: ಬೇಜಾರಾಯಿತು, ಆಸೆಗೆ ತಣ್ಣೀರು ಬಿತ್ತು ಎಂದು.

ಮಾಟುಂಗಾ ಕರಡು

ಕಡೆಯ ಕರಡು ಇದು: ‘ದ ಪ್ರೆಸಿಡೆಂಟ್ ಚೋಕ್ಡ್ ಅಪ್ ಟ್ವೈಸ್ ಡ್ಯೂರಿಂಗ್ ಹಿಸ್ ಸ್ಪೀಚ್, ಬಟ್ ಕಂಪೋಸ್ಡ್ ಹಿಮ್‌ಸೆಲ್ಫ್ ಅಂಡ್ ಫಿನಿಷ್ಡ್ ಇಟ್.’ ಸಮಿತಿ ಒಪ್ಪಿದೆ. ಮೋರಿಯ ವಿವರಣೆ ಕೇಳಿದ ಮೇಲೆಯೇ ಒಪ್ಪಿದ್ದು.

ಪಕ್ಕದಲ್ಲಿ ಫೋಟೊ ಹೋಗುತ್ತಿದೆ: ಅಧ್ಯಕ್ಷರು ಮೈಕಿನ ಮುಂದೆ, ಕೈಯಲ್ಲಿ ಕರವಸ್ತ್ರ, ಕಣ್ಣಿನ ಹತ್ತಿರ. ಅಡಿಬರಹಕ್ಕೂ ‘ಚೋಕ್ಡ್ ಅಪ್’ ಎಂದೇ ಹಾಕಲೇ?

ಫೋರ್ಟ್ ಡೆಸ್ಕ್

ಬೇಡ. ಫೋಟೊದಲ್ಲಿ ಸ್ವರ ಕೇಳುವುದಿಲ್ಲ, ಕಾಣುವುದು ಕಣ್ಣು. ‘ವೈಪಿಂಗ್ ಅವೇ ಅ ಟಿಯರ್’ ಎಂದು ಹಾಕಿ.

ಠಾಣೆ ಯಕ್ಷಗಾನ

ಕರವಸ್ತ್ರ ಕಣ್ಣಿಗೆ ತಾಗಿದೆಯೋ, ಹಣೆಗೋ? ಹಣೆಗಾದರೆ ಅದು ಸ್ವೇದ.

ಮಾಟುಂಗಾ ಕರಡು

ದೊಡ್ಡದು ಮಾಡಿ ನೋಡಿದೆ. ಹಣೆಗೆ. ಮೇ ತಿಂಗಳ ಸಮಾರಂಭ, ಸಭಾಂಗಣದಲ್ಲಿ ಎ.ಸಿ. ಇರಲಿಲ್ಲ. ಬೇರೆ ಫೋಟೊ ಹುಡುಕುತ್ತೇನೆ.